ಬಯಕೆಯ ಬುಟ್ಟಿ, ಗೇಣಿಯ ಕೊಳಗ

ನವರಾತ್ರಿ ಮುಗಿಯುವ ಹೊತ್ತಿಗೆ ಸೊರಬ, ಸಾಗರ ಸೀಮೆಯ ದೀವರು ಎಂಬ ಬೇಸಾಯಗಾರ ಸಮುದಾಯದ ಮನೆಗಳಲ್ಲಿ ಅಟ್ಟದ ಮೇಲಿನ ಬಿದಿರ ಬುಟ್ಟಿ ಕೆಳಗಿಳಿಯುತ್ತದೆ. ವರ್ಷವಿಡೀ ಕೂತ ಧೂಳು ಅದರ ಮೈಮೇಲಿದೆ. ಕಳೆದ ಸಲ ಬರೆದ ಚಿತ್ತಾರ ಅಲ್ಲಲ್ಲಿ ಉದುರಿದೆ, ಉಳಿದದ್ದು ಹೊಗೆ ಹಿಡಿದು ಮಂಕಾಗಿದೆ. ಮನೆಯ ಹೆಂಗಸು ಆ ಹಳೆಯ ಚಿತ್ತಾರವನ್ನು ಉಳಿಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಸಗಣಿ ಕಲಸಿ ಬುಟ್ಟಿಗೆ ಬಳಿಯುತ್ತಾಳೆ; ಹೆಣಿಗೆಯ ಸಂದುಗಳೆಲ್ಲ ಮುಚ್ಚುತ್ತವೆ. ಅದು ಒಣಗಿದ ಮೇಲೆ ಕೆಮ್ಮಣ್ಣು. ಕೆಮ್ಮಣ್ಣೂ ಒಣಗಿದ ಮೇಲೆ, ನೆನೆಸಿ ರುಬ್ಬಿದ ಅಕ್ಕಿಯ ಬಿಳುಪನ್ನು ಪುಂಡಿ ನಾರಿನ ತುದಿಗೆ ತಾಗಿಸಿಕೊಂಡು, ಉಸಿರು ಬಿಗಿಹಿಡಿದು, ಮೊದಲ ಎಳೆ ಎಳೆಯುತ್ತಾಳೆ.

ಇದು ಭೂಮಣ್ಣಿ ಬುಟ್ಟಿ. ಆಶ್ವಯುಜ ಮಾಸದ ಹುಣ್ಣಿಮೆಯ ದಿನ ಇದರಲ್ಲಿ ಎಡೆ ತುಂಬಿಕೊಂಡು ಗದ್ದೆಗೆ ಹೋಗುತ್ತಾರೆ. ಮಲೆನಾಡಿನ ಮಗ್ಗುಲಲ್ಲಿ ಆ ಹಬ್ಬಕ್ಕೆ ಭೂಮಿ ಹುಣ್ಣಿಮೆ, ಭೂಮಣ್ಣಿ ಹಬ್ಬ ಎಂಬ ಹೆಸರು. ಬಳ್ಳಿಗಾವಿ, ಶಿರಾಳಕೊಪ್ಪ ದಾಟಿ ಬಯಲಿನ ಕಡೆ ಇಳಿದರೆ ಅದೇ ಸೀಗೆ ಹುಣ್ಣಿಮೆ. ಹೊಲಕ್ಕೆ ಅಡುಗೆ ಚೆಲ್ಲುವುದಕ್ಕೆ ಆ ಕಡೆಯವರು ಚರಗ ಎನ್ನುತ್ತಾರೆ. ಹೆಸರು ಬೇರೆಯಾದರೂ ನಂಬಿಕೆ ಒಂದೇ. ಭತ್ತ ಹೊಡೆ ತುಂಬಿ ನಿಂತಿರುವ ಈ ಹೊತ್ತಿನಲ್ಲಿ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆಯ ಊಟ ಬಡಿಸಬೇಕು.

ಕಷ್ಟ ಬಂದಾಗ ದೇವರ ಮೇಲೆ ಭಾರ ಹಾಕು ಎಂಬ ಮಾತು ಈ ಸೀಮೆಯ ಯಾವ ಮನೆಯಲ್ಲಿ ಕೇಳಿಬರುವುದಿಲ್ಲ? ಆದರೆ ಭಾರ ಹಾಕುವುದೆಂದರೆ ಏನು, ಎಷ್ಟನ್ನು ಹಾಕಬೇಕು, ಎಷ್ಟನ್ನು ತನ್ನ ತಲೆಯ ಮೇಲೇ ಉಳಿಸಿಕೊಳ್ಳಬೇಕು ಎಂಬುದು ಮಾತಿನಲ್ಲಿ ಬಿಡಿಸುವ ಲೆಕ್ಕವಲ್ಲ. ಭೂಮಣ್ಣಿ ಬುಟ್ಟಿ ಆ ಲೆಕ್ಕವನ್ನು ಕೈಯಿಂದ ಬಿಡಿಸಿದೆ. ಅದನ್ನು ಜನಪದ ಕಲೆಯೆಂದು ಹೊಗಳಿ ಮುಂದೆ ಹೋಗುವ ಬದಲು, ಒಂದು ಕೃತಿಯಾಗಿ, ಒಂದು ನಂಬಿಕೆಯ ರೂಪವಾಗಿ ತೂಗಿ ನೋಡುವುದು ಅದಕ್ಕೆ ಸಲ್ಲಬೇಕಾದ ಗೌರವ.

ಮೊದಲು ಕೈಕೆಲಸದ ಮಾತು. ಬಿದಿರು ಸೀಳಿ ಬುಟ್ಟಿ ಹೆಣೆಯುವುದು ಮೇದಾರರ ಕಸುಬು. ಚಿತ್ತಾರ ಬರೆಯುವುದು ಮನೆಯ ಹೆಂಗಸರ ಕೆಲಸ. ಬಣ್ಣ ನಾಲ್ಕೇ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ, ಕಪ್ಪಿಗೆ ಕರಿಯಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಮದುವೆಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವ ಕೈಯೇ ಇಲ್ಲಿಯೂ ಓಡುತ್ತದೆ: ನೆಟ್ಟಗಿನ ಎಳೆಗಳು, ಎಳೆಗೆ ಎಳೆ ಕೂಡಿ ಚೌಕಗಳು, ಚೌಕದೊಳಗೆ ಓರೆ ಎಳೆಗಳ ಜಾಲ. ಅದರ ನಡುನಡುವೆ ಭತ್ತದ ಸಸಿ, ತೆನೆ, ಏಣಿ, ಎತ್ತಿನ ಗಾಡಿ.

ಗೋಡೆ ಸಮತಟ್ಟು, ಬುಟ್ಟಿ ದುಂಡು. ಚಿತ್ತಾರಗಿತ್ತಿಯ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ತಳದಲ್ಲಿ ಕಿರಿದಾಗಿ ಬಾಯಿಯ ಕಡೆ ಅಗಲವಾಗುವ ಮೈಮೇಲೆ ಎಳೆಗಳು ಒಂದಕ್ಕೊಂದು ಸಮನಾಗಿ ಏರಬೇಕು. ಸುತ್ತು ಬಂದು ಕೊನೆಯ ಎಳೆ ಮೊದಲ ಎಳೆಯನ್ನು ಸೇರುವಾಗ ಉಳಿದ ಜಾಗ ಹೆಚ್ಚಾಗಲೂ ಬಾರದು, ಇಕ್ಕಟ್ಟಾಗಲೂ ಬಾರದು. ಅಳತೆಗೋಲು ಇಲ್ಲ, ಮೊದಲೇ ಗುರುತು ಹಾಕಿಕೊಳ್ಳುವ ಸೀಸದ ಕಡ್ಡಿ ಇಲ್ಲ. ತಪ್ಪಿದ ಎಳೆಯನ್ನು ಒರೆಸಲು ಹೋದರೆ ಕೆಳಗಿನ ಕೆಮ್ಮಣ್ಣೇ ಕಲಕುತ್ತದೆ. ಹೀಗಾಗಿ ಎಳೆ ಎಳೆಯುವ ಮೊದಲು ಇಡೀ ಬುಟ್ಟಿ ಕಣ್ಣಿನಲ್ಲಿ ಇರಬೇಕು. ಇಷ್ಟು ಕಟ್ಟುನಿಟ್ಟಿನ ಕೆಲಸವನ್ನು ಭಕ್ತಿಯ ಹೆಸರಿನಲ್ಲಿ ಸಡಿಲ ಬಿಡುವ ರೂಢಿ ಇಲ್ಲ. ಒಳ್ಳೆಯ ಬುಟ್ಟಿ ಯಾವುದು, ಅಡ್ಡಾದಿಡ್ಡಿ ಬುಟ್ಟಿ ಯಾವುದು ಎಂದು ನೆರೆಮನೆಯ ಹೆಂಗಸರ ಕಣ್ಣು ಥಟ್ಟನೆ ಹೇಳುತ್ತದೆ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬುಟ್ಟಿಯ ಮೇಲೆ ಮೂಡುವ ಭತ್ತದ ಸಸಿಯನ್ನು ಬರೆದಿರುವುದು ಅಕ್ಕಿಯಿಂದಲೇ. ಕಳೆದ ವರ್ಷ ಮನೆಗೆ ಬಂದ ಬೆಳೆಯನ್ನು ರುಬ್ಬಿ, ಈ ವರ್ಷ ಇನ್ನೂ ಬಾರದ ಬೆಳೆಯನ್ನು ಬರೆಯುತ್ತಾರೆ. ಕಲಾಕೃತಿಯೊಂದರ ವಸ್ತುವೂ ಅದನ್ನು ಮೂಡಿಸುವ ಬಣ್ಣವೂ ಹೀಗೆ ಒಂದೇ ಆಗುವುದು ಅಪರೂಪ. ದೇವರ ಮೇಲಿನ ಭರವಸೆಗೆ ಇಲ್ಲಿ ಒಂದು ಆಧಾರವಿದೆ: ಹಿಂದೆ ಕೊಟ್ಟದ್ದರ ನೆನಪು.

ಈಗ ನಂಬಿಕೆಯ ಮಾತು. ಕಷ್ಟಕಾಲದಲ್ಲಿ ದೇವರ ಮೊರೆ ಹೋಗುವ ದಾರಿಗಳಲ್ಲಿ ನಮಗೆ ಹೆಚ್ಚು ಪರಿಚಿತವಾದದ್ದು ಹರಕೆ. ಮಗುವಾದರೆ ತೊಟ್ಟಿಲು ಕಟ್ಟುತ್ತೇನೆ, ಕಾಯಿಲೆ ವಾಸಿಯಾದರೆ ತುಲಾಭಾರ ಮಾಡಿಸುತ್ತೇನೆ ಎಂದು ಬೇಡಿಕೊಳ್ಳುವುದು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆಟ್ಟ ಹತ್ತಿ ರೇಣುಕಾಂಬೆಗೆ ಹಾಗೆ ಹರಕೆ ಹೊತ್ತ ಕುಟುಂಬಗಳು ಈ ಸೀಮೆಯ ತುಂಬ ಇವೆ. ಆ ದುಃಖ ನಿಜ, ಆ ಬೇಡಿಕೆಯೂ ನಿಜ. ಆದರೆ ಹರಕೆಯೊಳಗೆ ಒಂದು ಕರಾರಿದೆ. ಮೊದಲು ದೇವರು ಕೊಡಬೇಕು, ಆಮೇಲೆ ಮನುಷ್ಯ ಸಲ್ಲಿಸುತ್ತಾನೆ.

ಭೂಮಣ್ಣಿ ಬುಟ್ಟಿಯಲ್ಲಿ ಈ ಕ್ರಮ ತಿರುಗುಮುರುಗು. ಆಶ್ವಯುಜದ ಹುಣ್ಣಿಮೆಗೆ ಬೆಳೆ ಇನ್ನೂ ಕೈಗೆ ಬಂದಿರುವುದಿಲ್ಲ. ಮುಂದೆ ಏನೂ ಆಗಬಹುದು. ಹಿಂಗಾರಿನ ಅಡ್ಡಮಳೆ ಬಂದು ಪೈರು ಮಲಗಬಹುದು, ಮಳೆ ಕೈಕೊಟ್ಟು ಕಾಳು ಜೊಳ್ಳಾಗಬಹುದು, ಒಂದೇ ರಾತ್ರಿಯಲ್ಲಿ ಹಂದಿಗಳು ಗದ್ದೆ ತುಳಿದು ಹೋಗಬಹುದು. ಅನುಮಾನ ಅತಿ ಹೆಚ್ಚಿರುವ ಆ ಹೊತ್ತಿನಲ್ಲಿ ರೈತ ಕೊಡುವ ಕೆಲಸಕ್ಕೆ ಇಳಿಯುತ್ತಾನೆ. ಅದೂ ಯಾವ ಷರತ್ತನ್ನೂ ಹಾಕದೆ. ಬಸುರಿ ಮಗಳಿಗೆ ತವರಿನವರು ಬಯಕೆಯ ಅಡುಗೆ ಒಯ್ಯುವಾಗ ಗಂಡುಮಗು ಹೆತ್ತರೆ ಮಾತ್ರ ಎಂದು ಷರತ್ತು ಹಾಕುತ್ತಾರೆಯೇ? ಹೊತ್ತಿದ್ದಾಳೆ, ದಣಿದಿದ್ದಾಳೆ, ಉಣ್ಣಬೇಕು. ದೇವರನ್ನು ಕಷ್ಟ ಪರಿಹರಿಸುವ ಯಜಮಾನನಾಗಿ ನೋಡದೆ, ತನ್ನೊಂದಿಗೆ ಭಾರ ಹೊತ್ತಿರುವ ತಾಯಿಯಾಗಿ ನೋಡುವ ಈ ಕಲ್ಪನೆಯೇ ಬುಟ್ಟಿಯ ದೊಡ್ಡ ಗೆಲುವು. ಭಾರ ಹಾಕುವ ಮಾತಿಗೆ ಅದು ಭಾರ ಹೊತ್ತವಳ ಕಡೆಯಿಂದ ಅರ್ಥ ಹೇಳುತ್ತದೆ.

ಹುಣ್ಣಿಮೆಯ ಹಿಂದಿನ ರಾತ್ರಿ ಒಲೆ ಆರುವುದಿಲ್ಲ. ಕಾಡು, ಬೇಲಿ, ಹಿತ್ತಿಲು ತಿರುಗಿ ತಂದ ಬೆರಕೆ ಸೊಪ್ಪುಗಳನ್ನು ಬೇಯಿಸಿ ಹಚ್ಚಂಬಲಿ ಮಾಡುತ್ತಾರೆ. ನೂರೊಂದು ಬಗೆಯ ಕುಡಿ ಸೇರಬೇಕೆಂಬುದು ರೂಢಿಯ ಮಾತು. ಕಡುಬು, ಪಲ್ಯ, ಮೊಸರನ್ನ ಬೇರೆ. ಬುಟ್ಟಿಗಳೂ ಎರಡು. ದೊಡ್ಡದರಲ್ಲಿ ಪೂಜೆಯ ಎಡೆ ಮತ್ತು ಮನೆಮಂದಿಯ ಊಟ, ಚಿಕ್ಕದರಲ್ಲಿ ಹಚ್ಚಂಬಲಿ. ಬೆಳಕು ಹರಿಯುವ ಮೊದಲೇ ಮನೆಯ ಗಂಡಸು ದೀಪ ಹಿಡಿದು ಗದ್ದೆಯ ಬದುವಿನ ಮೇಲೆ ನಡೆಯುತ್ತ, ಎದ್ದು ಉಣ್ಣು ಬಾ ಎಂದು ಭೂಮಿತಾಯಿಯನ್ನು ಕೂಗಿ ಕರೆಯುತ್ತ ಹಚ್ಚಂಬಲಿ ಬೀರುತ್ತಾನೆ. ಆಮೇಲೆ ಒಂದು ಭತ್ತದ ಬುಡಕ್ಕೆ ಹೊಸ ಬಟ್ಟೆ ಉಡಿಸಿ, ಕರಿಮಣಿ, ಬಳೆ ತೊಡಿಸಿ ಪೂಜೆ. ಕಾಗೆಗೂ ಎಡೆ, ಇಲಿಗೂ ಎಡೆ. ಬೆಳೆಗೆ ಕಂಟಕವಾದ ಇಲಿಯನ್ನೂ ಊಟಕ್ಕೆ ಕರೆಯುವ ಹಬ್ಬ ಇದು. ಕೊನೆಗೆ ಮನೆಮಂದಿಯೆಲ್ಲ ಗದ್ದೆಯಲ್ಲೇ ಕೂತು ಉಣ್ಣುತ್ತಾರೆ.

ಇದೇ ನೆಲದಲ್ಲಿ ಬಳ್ಳಿಗಾವಿಯೂ ಇದೆ. ಹಾಗಾಗಿ ಬುಟ್ಟಿಯನ್ನು ಕಲ್ಲಿನ ಪಕ್ಕದಲ್ಲಿಟ್ಟು ನೋಡದೆ ವಿಮರ್ಶೆ ಮುಗಿಯುವುದಿಲ್ಲ. ಬನವಾಸಿ ನಾಡಿನ ದೊಡ್ಡ ಪಟ್ಟಣವಾಗಿದ್ದ ಬಳ್ಳಿಗಾವಿ ಕಲ್ಲುಕೆಲಸಕ್ಕೆ ಹೆಸರಾದ ಊರು. ಮೂರು ಗರ್ಭಗುಡಿಗಳ ಕೇದಾರೇಶ್ವರ, ಕಥೆಗಳನ್ನು ಕೆತ್ತಿದ ತ್ರಿಪುರಾಂತಕೇಶ್ವರ, 1047ರಲ್ಲಿ ಎತ್ತಿ ನಿಲ್ಲಿಸಿದ ಗಂಡಭೇರುಂಡದ ಕಂಬ ಇಂದಿಗೂ ನಿಂತಿವೆ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿಸಿದಾಗ ಇಲ್ಲಿಂದ ಹೋದ ರೂವಾರಿ ದಾಸೋಜ, ಅವನ ಮಗ ಚಾವಣ ಅಲ್ಲಿನ ಕೆಲವು ಮದನಿಕೆಯರನ್ನು ಕಡೆದರು. ತಮ್ಮ ಹೆಸರನ್ನೂ ಬಿರುದನ್ನೂ ಊರನ್ನೂ ಕಲ್ಲಿನಲ್ಲಿ ಬರೆದಿಟ್ಟರು. ಒಂಬೈನೂರು ವರ್ಷಗಳ ನಂತರವೂ ಆ ಹೆಸರುಗಳನ್ನು ಓದಬಹುದು.

ಬುಟ್ಟಿಯ ಮೇಲೆ ಹೆಸರಿಲ್ಲ. ಚಿತ್ತಾರವೂ ಒಂದೇ ವರ್ಷದ್ದು. ದಾಸೋಜನ ಕೆಲಸ ಕಾಲವನ್ನು ಗೆಲ್ಲಲು ಹೊರಟಿತು. ಭೂಮಣ್ಣಿಯ ಕೆಲಸ ಕಾಲದ ಜೊತೆ ತಿರುಗುತ್ತದೆ, ಬಿತ್ತನೆ ಕೊಯ್ಲು ತಿರುಗುವ ಹಾಗೆ. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಬೇಕಿಲ್ಲ. ಆದರೆ ನಾಳೆಯ ಮೇಲೆ ಭರವಸೆ ಇಡುವುದು ಎಂಬ ಒಂದು ವಿಷಯದಲ್ಲಿ ಬುಟ್ಟಿಯ ಪಾಠ ಗಟ್ಟಿ. ತಾನು ಬರೆದದ್ದನ್ನು ತಾನೇ ಸಗಣಿಯಿಂದ ಮುಚ್ಚಿ ಮತ್ತೆ ಬರೆಯುವ ಕೈ, ಮುಂದಿನ ವರ್ಷವೂ ಬರೆಯುವಂತಾಗುತ್ತದೆ ಎಂದು ನಂಬಿದ ಕೈ.

ಬಳ್ಳಿಗಾವಿಯ ಕಲ್ಲಿನ ನಡುವೆಯೂ ಬುಟ್ಟಿಗೆ ನೆಂಟಸ್ತಿಕೆ ಸಿಗುತ್ತದೆ. ಕೇದಾರೇಶ್ವರಕ್ಕೆ ಸೇರಿದ ಕೋಡಿಮಠವನ್ನು ವರ್ಣಿಸುವ 1162ರ ಶಾಸನ, ಅಲ್ಲಿ ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನು ಹೇಳುವ ಜೊತೆಗೆ ದಿಕ್ಕಿಲ್ಲದವರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ಸಿಗುತ್ತಿದ್ದುದನ್ನೂ ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ ಹೇಳುತ್ತದೆ. ದೇವರನ್ನು ನಂಬಿ ಬಂದವನಿಗೆ ಆ ಬಾಗಿಲಿನಲ್ಲಿ ಮೊದಲು ಸಿಗುತ್ತಿದ್ದದ್ದು ಊಟ. ಇನ್ನು ಈ ಊರಿನವನೇ ಎಂದು ಹೇಳುವ ಅಲ್ಲಮನ ಕಥೆ. ಹರಿಹರನ ರಗಳೆಯಲ್ಲಿ ಅವನು ಮದ್ದಳೆ ನುಡಿಸುವ ಕಲಾವಿದ. ಪ್ರೀತಿಯ ಕಮಲತೆ ಜ್ವರದಿಂದ ತೀರಿಕೊಂಡ ಮೇಲೆ ದಿಕ್ಕು ತೋಚದೆ ತೋಟವೊಂದರಲ್ಲಿ ಕೂತವನು ಕಾಲ್ಬೆರಳಿನ ಉಗುರಿನಿಂದ ನೆಲ ಕೆರೆಯುತ್ತಾನೆ. ಹೂತುಹೋದ ಗುಡಿಯ ಕಳಸ ಕಾಣಿಸುತ್ತದೆ. ದುಃಖದಲ್ಲಿ ಮುಗಿಲು ನೋಡದೆ ಕಾಲಕೆಳಗಿನ ಮಣ್ಣಿನಲ್ಲೇ ದಾರಿ ಕಂಡ ಕಥೆ ಈ ಸೀಮೆಯದು ಎಂಬುದು ಭೂಮಣ್ಣಿ ಬುಟ್ಟಿಯನ್ನು ನೋಡುವಾಗ ನೆನಪಾಗದೆ ಇರದು.

ಇಷ್ಟಾದರೂ ಒಂದು ಗಟ್ಟಿ ಆಕ್ಷೇಪ ಉಳಿದೇ ಇದೆ. ದೇವರ ಮೇಲೆ ಭರವಸೆ ಇಡು ಎಂಬ ಪಾಠ ಬಡವನನ್ನು ಸುಮ್ಮನಿರಿಸುವ ಪಾಠವೂ ಆಗಬಹುದಲ್ಲವೇ? ಬುಟ್ಟಿ ಹೊತ್ತು ನಡೆದ ಬಹುಪಾಲು ದೀವರಿಗೆ ಹಿಂದೆ ಆ ಗದ್ದೆ ಸ್ವಂತದ್ದಾಗಿರಲಿಲ್ಲ. ಅವರು ಗೇಣಿದಾರರು. ಬಯಕೆ ಬಡಿಸಿ, ಕೊಯ್ದು, ಒಕ್ಕಿದ ಮೇಲೆ ಕಣಕ್ಕೆ ಒಡೆಯರ ಕೊಳಗ ಬರುತ್ತಿತ್ತು.

ಈ ಆಕ್ಷೇಪಕ್ಕೆ ಉತ್ತರ ಚರಿತ್ರೆಯಲ್ಲೇ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಕಿಡಿ ಹೊತ್ತಿದ್ದು ಕೊಳಗದ ಅಳತೆಯ ಮೇಲೆ, ಗೇಣಿ ಅಳೆಯುವ ಪಾತ್ರೆಯ ಗಾತ್ರದ ಮೇಲೆ. ಗೇಣಿದಾರರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ. ಶಾಂತವೇರಿ ಗೋಪಾಲಗೌಡ ಮತ್ತು ಸಮಾಜವಾದಿ ಗೆಳೆಯರು ಜೊತೆಗೂಡಿದರು. ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬ ಮಾತು ಕರ್ನಾಟಕದಲ್ಲಿ ಕಾನೂನಿನ ಬಲ ಪಡೆಯಲು ಮತ್ತೆ ಎರಡು ದಶಕಗಳೇ ಬೇಕಾದವು. ದೇವರಾಜ ಅರಸು ಸರ್ಕಾರದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು.

ಸತ್ಯಾಗ್ರಹಕ್ಕೆ ಕೂತ ಜನ ಮತ್ತು ಹಚ್ಚಂಬಲಿ ಬೀರಿದ ಜನ ಬೇರೆಬೇರೆಯಲ್ಲ. ಒಂದೇ ಮನೆಯಲ್ಲಿ ಎರಡು ಪಾತ್ರೆಗಳ ಅರಿವಿತ್ತು. ಬುಟ್ಟಿ ಮನೆಯಿಂದ ಗದ್ದೆಗೆ ಹೋಗುವ ಪಾತ್ರೆ, ಕೊಳಗ ಕಣದಿಂದ ಒಡೆಯರ ಮನೆಗೆ ಹೋಗುವ ಪಾತ್ರೆ. ಮಳೆ, ಗಾಳಿ, ಹೊಡೆ ಕಟ್ಟುವ ಭತ್ತ, ಇವು ತಮ್ಮ ಕೈಯಲ್ಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವನ್ನು ಭೂಮಿತಾಯಿಗೆ ಒಪ್ಪಿಸಿ ಉಣಬಡಿಸಿದರು. ಕೊಳಗವನ್ನು ಮಾಡಿದ್ದು ಮನುಷ್ಯ, ಅದನ್ನು ಸರಿಮಾಡಬೇಕಾದವನೂ ಮನುಷ್ಯ ಎಂಬುದೂ ಗೊತ್ತಿತ್ತು. ಅದನ್ನು ದೇವರಿಗೆ ಬಿಡಲಿಲ್ಲ. ಭಾರ ಹಾಕುವುದರ ಗಡಿ ಎಲ್ಲಿ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ.

ಆಚರಣೆಯ ಒಳಗಿನ ಕೊರತೆಗಳನ್ನೂ ಇದೇ ಅಳತೆಯಿಂದ ನೋಡಬೇಕು. ಬುಟ್ಟಿ ಸಾರಿಸುವವಳು ಹೆಂಗಸು, ಚಿತ್ತಾರ ಬರೆಯುವವಳು ಅವಳು, ಸೊಪ್ಪು ಕೊಯ್ದು ರಾತ್ರಿಯಿಡೀ ನಿದ್ದೆಗೆಟ್ಟು ಬೇಯಿಸುವವಳೂ ಅವಳೇ. ಮುಂಜಾವಿನಲ್ಲಿ ಬುಟ್ಟಿ ಹೊತ್ತು ಹೋಗಿ ಬಸುರಿ ಭೂಮಿಯನ್ನು ಕೂಗಿ ಕರೆಯುವವನು ಮಾತ್ರ ಗಂಡಸು. ಹೆರುವ ನೋವು ತಿಳಿದವಳಿಗೆ ಆ ಕರೆಯುವ ಹಕ್ಕು ಸಿಗದೆ ಹೋದದ್ದು ಹಬ್ಬದ ಅರ್ಥಕ್ಕೇ ಬಿದ್ದ ಪೆಟ್ಟು. ಬುಟ್ಟಿಯ ಮೇಲೆ ಅವಳ ಹೆಸರಿಲ್ಲ ಎಂಬುದನ್ನು ಕಲೆಯ ವಿನಯ ಎನ್ನಬಹುದು. ಆದರೆ ಗದ್ದೆಯ ಪಹಣಿಯಲ್ಲಿಯೂ ಬಹುಪಾಲು ಅವಳ ಹೆಸರಿಲ್ಲ. ಅದನ್ನು ವಿನಯ ಎನ್ನಲಾಗದು. ಕೊಳಗವನ್ನು ಪ್ರಶ್ನಿಸಿದ ಸಮುದಾಯ ಈ ಲೆಕ್ಕವನ್ನೂ ತೆರೆಯಬೇಕಾಗಿದೆ.

ಎರಡನೆಯದು ಸಾಮಗ್ರಿಯ ಪ್ರಶ್ನೆ. ಗುರಿಗೆ ಕಾಯಿ ಹುಡುಕುವ, ಪುಂಡಿ ನಾರು ಜಜ್ಜಿ ಹದಮಾಡುವ ತಾಳ್ಮೆಯ ಜಾಗಕ್ಕೆ ಅಂಗಡಿಯ ಡಬ್ಬಿಬಣ್ಣ ಬಂದಿದೆ. ನೋಡಲು ಹೊಳಪು ಹೆಚ್ಚು, ವರ್ಷಗಟ್ಟಲೆ ಮಾಸುವುದಿಲ್ಲ. ಮಾಸದೆ ಇರುವುದೇ ತೊಂದರೆ. ಮತ್ತೆ ಬರೆಯುವ ಅಗತ್ಯ ಇಲ್ಲದ ಬುಟ್ಟಿ ಅಲಂಕಾರದ ಸಾಮಾನಾಗಿ ಉಳಿಯುತ್ತದೆ. ಅಕ್ಕಿಯಿಂದ ಭತ್ತವನ್ನು ಬರೆಯುವ ಆ ನಂಟೂ ಕಡಿದು ಹೋಗುತ್ತದೆ.

ಬೆಳೆಯೂ ಬದಲಾಗಿದೆ. ಶಿಕಾರಿಪುರದ ಹೊಲಗಳಲ್ಲಿ ಮೆಕ್ಕೆಜೋಳ ಹಬ್ಬಿದೆ, ಸೊರಬದ ಗದ್ದೆಗಳಲ್ಲಿ ಶುಂಠಿ, ಅಡಿಕೆ ಕಾಲಿಟ್ಟಿವೆ. ಕಾಡು ಇದ್ದಲ್ಲಿ ಅಕೇಶಿಯ ನೆಡುತೋಪು ಬಂದ ಮೇಲೆ ಬೆರಕೆ ಸೊಪ್ಪಿಗೆ ಅಲೆಯಬೇಕಾದ ದೂರ ಹೆಚ್ಚಾಗಿದೆ. ನೂರೊಂದು ಕುಡಿ ಎಂಬ ಮಾತು ಸುತ್ತಲಿನ ಗಿಡಗಂಟಿಯ ಹೆಸರು, ರುಚಿ, ಗುಣ ಬಲ್ಲ ಹೆಂಗಸರ ತಿಳಿವಳಿಕೆಯ ಪಟ್ಟಿಯಾಗಿತ್ತು. ಆ ಪಟ್ಟಿ ಕಿರಿದಾದಷ್ಟೂ ಹಚ್ಚಂಬಲಿ ತೆಳುವಾಗುತ್ತದೆ. ತೋಟಕ್ಕೂ ಎಡೆ ಇಡುವವರು ಇದ್ದಾರೆ, ಅದು ಒಳ್ಳೆಯದೇ. ಆದರೆ ಕಾಳು ಹಾಲುಗಟ್ಟುವುದನ್ನು ಬಸಿರೆಂದು ಕಂಡ ಕಣ್ಣು ಶುಂಠಿಯ ಪಾತಿಯಲ್ಲಿ ಏನನ್ನು ಕಾಣಬೇಕು ಎಂಬುದನ್ನು ಆಚರಣೆ ಇನ್ನೂ ಕಂಡುಕೊಂಡಿಲ್ಲ.

ಚಿತ್ತಾರದ ಮಾರಾಟದ ಬಗ್ಗೆ ಮಾತ್ರ ಅನಗತ್ಯ ಅಂಜಿಕೆ ಬೇಡ. ಬಿಹಾರದ ಮಿಥಿಲೆಯಲ್ಲಿ 1966–67ರ ಬರಗಾಲದಲ್ಲಿ, ಮನೆಯ ಗೋಡೆಗೆ ಬರೆಯುತ್ತಿದ್ದ ಹೆಂಗಸರಿಗೆ ಅಖಿಲ ಭಾರತ ಕರಕುಶಲ ಮಂಡಳಿ ಕಾಗದ ಕೊಟ್ಟು ಬರೆಸಿತು. ಆ ಚಿತ್ರಗಳು ಮಾರಾಟವಾಗಿ ಮನೆಗೆ ಕಾಸು ತಂದವು, ಬರೆದವರ ಹೆಸರು ಹೊರಜಗತ್ತಿಗೆ ತಿಳಿಯಿತು. ಹಸೆ ಚಿತ್ತಾರವೂ ಈಗ ಕಾಗದ, ಬಟ್ಟೆ, ಹಲಗೆಗಳ ಮೇಲೆ ಊರು ದಾಟುತ್ತಿದೆ. ಸೊರಬ, ಸಾಗರದ ಗುಡಿಗಾರರು ಗಂಧದ ಕೆತ್ತನೆಯನ್ನು ಕಸುಬಾಗಿ ಉಳಿಸಿಕೊಂಡಿರುವುದು ಮಾರಾಟದಿಂದಲೇ. ಚಿತ್ತಾರಗಿತ್ತಿಗೂ ಕೂಲಿ ಸಿಗಲಿ, ಹೆಸರು ಸಿಗಲಿ. ಕೇಳಬೇಕಾದ್ದು ಒಂದೇ: ಮಾರಲು ಬರೆದ ಬುಟ್ಟಿಯ ಪಕ್ಕದಲ್ಲಿ ಗದ್ದೆಗೆ ಹೋಗಲು ಬರೆದ ಬುಟ್ಟಿಯೂ ಇರಬೇಕು. ಸಗಣಿ ಹಿಡಿದ, ಎಡೆಯ ಜಿಡ್ಡು ತಾಗಿದ, ಇಬ್ಬನಿಯಲ್ಲಿ ನೆನೆದ ಬುಟ್ಟಿ.

2023ರಲ್ಲಿ ಸೀಗೆ ಹುಣ್ಣಿಮೆ ಅಕ್ಟೋಬರ್ 28ರಂದು ಬಂತು. ಆ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಹುಣ್ಣಿಮೆಯ ಅದೇ ರಾತ್ರಿ ಚಂದ್ರನಿಗೆ ಗ್ರಹಣವೂ ಇತ್ತು. ಆ ವರ್ಷವೂ ಗದ್ದೆಗೆ ಬುಟ್ಟಿ ಹೋಯಿತು. ಬಸುರಿಯ ಮೈ ಸೊರಗಿದ್ದರೆ ಊಟ ಒಯ್ಯುವುದನ್ನು ಬಿಡುತ್ತಾರೆಯೇ? ಅತ್ತ ಬರ ಪರಿಹಾರದ ಹಣಕ್ಕಾಗಿ ರಾಜ್ಯ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್‌ನಲ್ಲಿ ಕೇಂದ್ರದಿಂದ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಬುಟ್ಟಿ ಗದ್ದೆಗೆ, ಕೊಳಗದ ತಕರಾರು ನ್ಯಾಯದ ಕಟ್ಟೆಗೆ ಎಂಬ ಕಾಗೋಡಿನ ಕ್ರಮ ಎಪ್ಪತ್ತು ವರ್ಷಗಳ ಮೇಲೂ ಬದಲಾಗಿರಲಿಲ್ಲ.

ಮುಂದಿನ ವರ್ಷಗಳಲ್ಲಿ ಈ ಆಚರಣೆ ಎಲ್ಲಿಗೆ ಬಂದಿದೆ ಎಂದು ತಿಳಿಯಬೇಕಾದವರು ದೊಡ್ಡ ಬುಟ್ಟಿಗಿಂತ ಚಿಕ್ಕದನ್ನು ಎತ್ತಿ ನೋಡಬೇಕು. ದೊಡ್ಡದನ್ನು ಪಳಗಿದ ಕೈ ಹೇಗೂ ಬರೆದೇ ಬರೆಯುತ್ತದೆ. ಹಚ್ಚಂಬಲಿ ಹೊರುವ ಚಿಕ್ಕ ಬುಟ್ಟಿಯನ್ನು ಶಾಲೆಗೆ ಹೋಗುವ ಹುಡುಗಿಯ ಮುಂದಿಟ್ಟಿದ್ದಾರೆಯೇ, ಅವಳ ಬೆರಳಿನ ನಡುವೆ ಪುಂಡಿ ನಾರು ಇದೆಯೇ, ಸುತ್ತು ಬಂದ ಅವಳ ಕೊನೆಯ ಎಳೆ ಮೊದಲ ಎಳೆಯ ಪಕ್ಕಕ್ಕೆ ಒಂಚೂರು ಓರೆಯಾಗಿ ಬಂದು ನಿಂತಿದೆಯೇ? ಅದನ್ನು ಕಂಡು ಅಜ್ಜಿ ಏನೂ ಅನ್ನದೆ, ಅಕ್ಕಿಯ ಬಿಳುಪಿನ ಬಟ್ಟಲನ್ನು ಮೊಮ್ಮಗಳ ಕಡೆಗೆ ಇನ್ನಷ್ಟು ಹತ್ತಿರ ಸರಿಸಿದ್ದಾಳೆಯೇ?